ಸತ್ತ ಮಂಗಕ್ಕೆ ಯಾವ ಪ್ಯಾಕೇಜು?

ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಆರೋಗ್ಯ ಕಾರ್ಡು ಕೊಟ್ಟಿದ್ದೀರಿ. ಸಂತೋಷ. ಮೂರು ದಿನದಿಂದ ಮೈ ಸುಡುವ ಜ್ವರದಲ್ಲೇ ಕಳೆ ಕೀಳುತ್ತಿರುವ ಕೂಲಿ ಹೆಂಗಸಿಗೆ ಅದರಿಂದ ಏನು ಸಿಗುತ್ತದೆ, ಹೇಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ದುಡ್ಡು ಬಿಚ್ಚಿಕೊಳ್ಳುವುದು ಆಸ್ಪತ್ರೆಯ ಹಾಸಿಗೆ ಹಿಡಿದ ಮೇಲೆ. ಅವಳು ಮೂಲೆಯ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಮರುದಿನ ಮತ್ತೆ ಗದ್ದೆಗೆ ಇಳಿಯುತ್ತಾಳೆ. ರಕ್ತ ಪರೀಕ್ಷೆ ಇಲ್ಲ. ಡೆಂಗಿಯೋ ಇಲಿಜ್ವರವೋ, ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ವ್ಯವಸ್ಥೆ ಇಲ್ಲವೇ? ಇದೆ. ಸಾಂಕ್ರಾಮಿಕ ರೋಗಗಳ ಕಣ್ಗಾವಲು ಯೋಜನೆ 2004ರಿಂದ ಇದೆ. ಕ್ಷಯರೋಗಿಯ ವಿವರವನ್ನು ಖಾಸಗಿ ಡಾಕ್ಟರೂ ಸರ್ಕಾರಕ್ಕೆ ಕೊಡುವುದು 2012ರಿಂದಲೇ ಕಡ್ಡಾಯ. ಆದರೆ ಕ್ಲೇಮಿನ ಕಾಗದ ತಡವಾದರೆ ಆಸ್ಪತ್ರೆಯ ಆಫೀಸಿನಲ್ಲಿ ಎಷ್ಟು ಗದ್ದಲ! ರೋಗದ ವರದಿ ತಡವಾದರೆ ಯಾರ ನಿದ್ದೆಯೂ ಕೆಡುವುದಿಲ್ಲ. ಅದರಿಂದ ಬಿಲ್ಲು ಹುಟ್ಟುವುದಿಲ್ಲವಲ್ಲ.

ಸೊರಬದ ಕ್ಯಾಸನೂರು ಕಾಡಿಗೆ ಬನ್ನಿ. 1957ರಲ್ಲಿ ಮಂಗನ ಕಾಯಿಲೆಯ ಸುಳಿವು ಕೊಟ್ಟದ್ದು ಅಲ್ಲಿ ಸಾಯುತ್ತಿದ್ದ ಮಂಗಗಳು. ಇವತ್ತಿಗೂ ಮಲೆನಾಡಿನಲ್ಲಿ ಮಂಗ ಸತ್ತುಬಿದ್ದರೆ ಯಾರೋ ನೋಡಿ ಸುದ್ದಿ ಮುಟ್ಟಿಸಬೇಕು. ಹೆಣದ ಸುತ್ತ ಪುಡಿ ಎರಚಿ ಉಣುಗು ಸಾಯಿಸಬೇಕು. ದರಗು ಗುಡಿಸಲು ಹೋಗುವವರು ಕೈಕಾಲಿಗೆ ಎಣ್ಣೆ ಹಚ್ಚಿಕೊಂಡರೋ ಇಲ್ಲವೋ ಎಂದು ಮನೆಮನೆ ವಿಚಾರಿಸಬೇಕು. ಹಳೆಯ ಲಸಿಕೆ ಹಿಡಿಯುತ್ತಿಲ್ಲವೆಂದು 2022ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ಇಷ್ಟೇ ಗತಿ. ಇದಕ್ಕೆಲ್ಲ ನಿಮ್ಮ ಕಾರ್ಡಿನ ಚಿಕಿತ್ಸಾ ಪಟ್ಟಿಯಲ್ಲಿ ಯಾವ ಪ್ಯಾಕೇಜು, ಸ್ವಾಮಿ? ಮಂಗನ ಹತ್ತಿರ ಕಾರ್ಡಿಲ್ಲ. ರೋಗಿ ಐಸಿಯು ಸೇರಿದರೆ ಖಾಸಗಿ ಆಸ್ಪತ್ರೆಗೆ ದಿನದ ಲೆಕ್ಕದಲ್ಲಿ ಹಣ ಸಂದಾಯ. ರೋಗಿಯೇ ಆಗದಂತೆ ನೋಡಿಕೊಂಡವಳಿಗೆ ಏನು ಸಂದಾಯ?

ಆ ಕೆಲಸ ಆಶಾ ಕಾರ್ಯಕರ್ತೆಯರ ತಲೆಯ ಮೇಲಿದೆ. ಅವರಿಗೆ ಸಂಬಳವಿಲ್ಲ, ಗೌರವಧನವಂತೆ! ಆ ಗೌರವ ಎಷ್ಟೆಂದರೆ, 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ಕೂಗಬೇಕಾಯಿತು. ಹಿಂದಿನ ವರ್ಷವಷ್ಟೇ ಇದೇ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಘೋಷಣೆಯಾದ ಮೇಲೆ ಡ್ರಮ್ಮು, ತೊಟ್ಟಿಗಳಲ್ಲಿ ಲಾರ್ವಾ ಹುಡುಕುತ್ತಾ ಬೀದಿ ಸುತ್ತಿದವರು ಯಾರು, ವಿಮೆಯವರೇ?

ಕಾರ್ಡು ಬೇಡವೆಂದಲ್ಲ, ಹೃದಯದ ಆಪರೇಷನ್ನಿಗೆ ಅದು ಬೇಕೇ ಬೇಕು. ಆದರೆ ಆಶಾ ಕಾರ್ಯಕರ್ತೆಯನ್ನು ನೌಕರಳೆಂದು ಒಪ್ಪಿ ಸಂಬಳ ಕೊಡಿ. ಉಪಕೇಂದ್ರಗಳ ಖಾಲಿ ಹುದ್ದೆ ತುಂಬಿ. ತಾಲ್ಲೂಕು ಲ್ಯಾಬಿಗೆ ಟೆಕ್ನಿಷಿಯನ್ ಹಾಕಿ. ಅಲ್ಲಿಯವರೆಗೆ ಬಡವರಿಗೆ ಆರೋಗ್ಯ ಕೊಟ್ಟೆವೆಂದು ಭಾಷಣ ಬಿಗಿಯಬೇಡಿ.