ಒಂದೇ ವೈರಸ್, ಎರಡು ಫಲ

ಸಹೋದರಿಯರೇ, ಮನೆಗೆಲ್ಲ ಒಂದೇ ಜ್ವರ ಬಂದರೂ ಒಬ್ಬರು ಮೂರು ದಿನಕ್ಕೆ ಎದ್ದು ಓಡಾಡುತ್ತಾರೆ, ಇನ್ನೊಬ್ಬರು ಮೂರು ವಾರ ಹಾಸಿಗೆ ಹಿಡಿಯುತ್ತಾರೆ. ಏಕೆ ಹೀಗೆ? ಉತ್ತರದ ಒಂದು ಭಾಗ ಐರ್ಲೆಂಡಿನ ತಾಯಂದಿರಿಂದ ಸಿಕ್ಕಿದೆ.

ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ ಮುಂದಿನ ಮಗುವಿನ ರಕ್ಷಣೆಗಾಗಿ ತಾಯಿಗೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡುವುದು ನಿಮಗೆ ಗೊತ್ತು. 1977-78ರಲ್ಲಿ ಐರ್ಲೆಂಡಿನಲ್ಲಿ ಈ ಮದ್ದಿಗೆ ಹೆಪಟೈಟಿಸ್ ಸಿ ವೈರಸ್ ಸೇರಿಕೊಂಡಿತ್ತು. ವಿಷಯ ಬಹಿರಂಗವಾದದ್ದು 1994ರಲ್ಲಿ. 62,667 ಮಹಿಳೆಯರನ್ನು ಪರೀಕ್ಷಿಸಿದಾಗ 704 ಮಂದಿಯಲ್ಲಿ ಸೋಂಕಿನ ಗುರುತು ಕಂಡಿತು. ಆದರೆ ರಕ್ತದಲ್ಲಿ ವೈರಸ್ ಉಳಿದಿದ್ದುದು 390 ಮಂದಿಯಲ್ಲಿ ಮಾತ್ರ. ಉಳಿದವರ ದೇಹ ತಾನಾಗಿಯೇ ಅದನ್ನು ಹೊರಗಟ್ಟಿತ್ತು!

ಮದ್ದು ಒಂದೇ, ವೈರಸ್ಸೂ ಒಂದೇ. ವ್ಯತ್ಯಾಸ ಎಲ್ಲಿಂದ ಬಂತು? ನಮ್ಮ ಜೀವಕೋಶಗಳು ಒಳಹೊಕ್ಕ ವೈರಸ್ಸಿನ ಚೂರುಗಳನ್ನು ಹೊರಮೈಯಲ್ಲಿ ಹಿಡಿದು ರಕ್ಷಕ ಕಣಗಳಿಗೆ ತೋರಿಸುತ್ತವೆ. ಹೀಗೆ ತೋರಿಸುವ ಎಚ್‌ಎಲ್‌ಎ ಎಂಬ ಪ್ರೋಟೀನು ತಂದೆತಾಯಿಯಿಂದ ಬಂದ ಜೀನ್‌ಗಳಿಗೆ ತಕ್ಕಂತೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆ ತಾಯಂದಿರಲ್ಲಿ ಎಚ್‌ಎಲ್‌ಎ-ಬಿ27 ಬಗೆ ಇದ್ದವರು ವೈರಸ್ಸನ್ನು ಗೆದ್ದದ್ದು ಹೆಚ್ಚು. 2009ರಲ್ಲಿ ಐಎಲ್28ಬಿ ಎಂಬ ಜೀನ್‌ನ ಬಳಿ ಒಂದೇ ಅಕ್ಷರದಷ್ಟು ವ್ಯತ್ಯಾಸವೂ ಸೋಲು-ಗೆಲುವಿನಲ್ಲಿ ಪಾತ್ರ ವಹಿಸುವುದು ತಿಳಿಯಿತು. ಅಂದಿನ ಇಂಟರ್‌ಫೆರಾನ್ ಚುಚ್ಚುಮದ್ದು ಕೆಲವರಿಗೆ ಚೆನ್ನಾಗಿ ಹಿಡಿದು ಕೆಲವರಿಗೆ ಹಿಡಿಯದಿರಲು ಅದೂ ಒಂದು ಕಾರಣ.

ಆದ್ದರಿಂದ ಕಾಯಿಲೆ ಉಳಿದವಳನ್ನು, "ಪಥ್ಯ ಮಾಡಲಿಲ್ಲ, ಅದಕ್ಕೇ ಹೀಗಾಯಿತು" ಎಂದು ಚುಚ್ಚಬೇಡಿ. ಆಕೆಯ ತಟ್ಟೆ, ಲೋಟ ಬೇರೆ ಇಡಬೇಡಿ. ಜೊತೆಗೆ ಉಂಡರೆ, ಅಪ್ಪಿಕೊಂಡರೆ ಇದು ಹರಡದು. ಹರಡುವುದು ಮುಖ್ಯವಾಗಿ ರಕ್ತದಿಂದ. ಆ್ಯಂಟಿ-ಡಿಗೂ ಹೆದರಬೇಡಿ. ಈಗ ದಾನಿಗಳ ರಕ್ತವನ್ನು ಪರೀಕ್ಷಿಸಿ, ವೈರಸ್ ನಾಶಪಡಿಸಿಯೇ ಅದನ್ನು ತಯಾರಿಸುತ್ತಾರೆ.

ಈ ಸೋಂಕು ಹತ್ತಾರು ವರ್ಷ ಸದ್ದಿಲ್ಲದೆ ಯಕೃತ್ತನ್ನು ಕೆಡಿಸಬಲ್ಲದು. ಹಿಂದೆಂದೋ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಒಬ್ಬರಿಗೆ ಬಳಸಿದ ಸೂಜಿಯಿಂದ ಚುಚ್ಚಿಸಿಕೊಂಡಿರಬಹುದಾದವರು ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ಎದೆಗುಂದಬೇಡಿ. ವೈರಸ್ ಈಗಲೂ ಇದೆಯೇ ಎಂಬುದನ್ನು ಆರ್‌ಎನ್‌ಎ ಪರೀಕ್ಷೆ ಹೇಳುತ್ತದೆ. ಇದ್ದರೂ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಹುಟ್ಟಿನಿಂದ ಬಂದ ಜೀನ್‌ಗಳನ್ನು ನಾವು ಆರಿಸಿಕೊಳ್ಳಲಾರೆವು. ಪರೀಕ್ಷೆ, ಚಿಕಿತ್ಸೆ ಮಾತ್ರ ನಮ್ಮ ಕೈಯಲ್ಲೇ ಇವೆ.