ಸುಲೋಚನಳ ಮಾತು ಯಾರಿಗೆ ಕೇಳಿಸಿತು?

ಚಿತ್ರಮಂದಿರದಿಂದ ಹೊರಬರುವಾಗ ಮೆಟ್ಟಿಲ ಮೇಲೆ ಕೇಳುವ ಮಾತುಗಳನ್ನು ನಾನು ಬಹಳ ನಂಬುತ್ತೇನೆ. ಆ ಹೊತ್ತಿಗೆ ಯಾರೂ ಯಾರನ್ನೂ ಮೆಚ್ಚಿಸಲು ಮಾತಾಡುವುದಿಲ್ಲ. 2025ರ ಜುಲೈ ಕೊನೆಯಲ್ಲಿ 'ಸು ಫ್ರಮ್ ಸೋ' ನೋಡಿ ಇಳಿಯುವಾಗಲೂ ಹಾಗೇ ಕಿವಿ ತೆರೆದಿಟ್ಟುಕೊಂಡಿದ್ದೆ. "ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು" ಎಂದ ಒಬ್ಬ ಹುಡುಗ. ಅವನ ಗೆಳೆಯ, "ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಯಾಕೋ ಸೀರಿಯಸ್ ಆಗ್ಬಿಡ್ತು" ಎಂದ. ಇನ್ನೊಬ್ಬರಿಗೆ, "ದೆವ್ವದ ಸಿನಿಮಾ ಅಂದ್ರು, ದೆವ್ವ ಎಲ್ಲಿತ್ತು?" ಎಂಬ ತಕರಾರು. ನನ್ನ ಹಿಂದೆ ನಿಧಾನವಾಗಿ ಇಳಿಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಮಗಳ ಕೈ ಹಿಡಿದುಕೊಂಡು ಹೇಳಿದ್ದು ಮಾತ್ರ ಬೇರೆ: "ಅಷ್ಟೂ ದಿನ ಆ ಹುಡುಗಿಯ ಕಷ್ಟ ಯಾರಿಗೂ ಕಾಣ್ಲಿಲ್ಲ ನೋಡು. ಸತ್ತ ತಾಯಿ ಬಂದು ಹೇಳ್ಬೇಕಾಯ್ತು."

ವಾರಗಟ್ಟಲೆ ಈ ಚಿತ್ರದ ಬಗ್ಗೆ ಓದಿದ, ಕೇಳಿದ ಅಭಿಪ್ರಾಯಗಳಲ್ಲಿ ನನ್ನೊಳಗೆ ಉಳಿದದ್ದು ಇದೊಂದೇ.

ಕತೆ ಈಗ ಬಹುತೇಕ ಎಲ್ಲರಿಗೂ ಗೊತ್ತು. 2025ರ ಸೆಪ್ಟೆಂಬರ್‌ನಲ್ಲಿ ಮನೆಮನೆಯ ಟಿವಿಗೂ ಬಂತು. ಮರ್ಲೂರು ಎಂಬ ಕರಾವಳಿಯ ಹಳ್ಳಿ. ಅಲ್ಲಿನ ಅಶೋಕ ಎಂಬ ಹುಡುಗ ಸ್ನಾನದ ಮನೆಗೆ ಇಣುಕಲು ಹೋಗಿ ಸಿಕ್ಕಿಬೀಳುತ್ತಾನೆ. ಪೆಟ್ಟು ತಪ್ಪಿಸಿಕೊಳ್ಳಲು ಮೈಮೇಲೆ ಬಂದವನಂತೆ ಆಡುತ್ತಾನೆ. ಬಂದವಳು ಯಾರು? ಸೋಮೇಶ್ವರದ ಸುಲೋಚನ, ತೀರಿಹೋದ ಹೆಂಗಸು. ಊರು ನಂಬಿಬಿಡುತ್ತದೆ. ನಿರ್ದೇಶನವೂ ಅಶೋಕನ ಪಾತ್ರವೂ ಜೆ.ಪಿ. ತುಮಿನಾಡ್ ಅವರದೇ. ರವಿಯಣ್ಣನಾಗಿ ಶನೀಲ್ ಗೌತಮ್, ಗುರೂಜಿಯಾಗಿ ರಾಜ್ ಬಿ. ಶೆಟ್ಟಿ, ಭಾವನಾಗಿ ಪುಷ್ಪರಾಜ್ ಬೋಳಾರ್. ಜೊತೆಗೆ ಪ್ರಕಾಶ್ ತುಮಿನಾಡ್, ದೀಪಕ್ ರೈ ಪಾಣಾಜೆ, ಮೈಮ್ ರಾಮದಾಸ್. ದೊಡ್ಡ ಹೀರೊ ಇಲ್ಲ, ಅಬ್ಬರದ ಪ್ರಚಾರವಿಲ್ಲ. ಮೊದಲ ದಿನ ಕೆಲವೇ ಪ್ರದರ್ಶನಗಳಿದ್ದ ಚಿತ್ರ ವಾರಾಂತ್ಯ ಮುಗಿಯುವಷ್ಟರಲ್ಲಿ ಟಿಕೆಟ್ ಸಿಗದ ಚಿತ್ರವಾಯಿತು. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಅದನ್ನು ನೂರು ಕೋಟಿ ದಾಟಿಸಿದರು. ಪ್ರೇಕ್ಷಕರ ಬಾಯಿಮಾತಿಗೆ ಇನ್ನೂ ಇಷ್ಟು ಬಲವಿದೆ ಎಂಬುದೇ ಆ ವರ್ಷ ಕನ್ನಡ ಚಿತ್ರರಂಗಕ್ಕೆ ಸಿಕ್ಕ ದೊಡ್ಡ ಧೈರ್ಯ. ಆದ್ದರಿಂದಲೇ ಆ ಬಾಯಿಮಾತಿನಲ್ಲಿ ಏನಿತ್ತು ಎಂದು ಸ್ವಲ್ಪ ನಿಂತು ನೋಡಬೇಕು.

"ದೆವ್ವ ಎಲ್ಲಿತ್ತು?" ಎಂಬ ಪ್ರಶ್ನೆಗೆ ಕರಾವಳಿಯಲ್ಲಿ ಹುಟ್ಟಿದವರು ಬೇಗ ಉತ್ತರ ಕೊಡುತ್ತಾರೆ. ತುಳುವರಲ್ಲಿ ದೈವ ಬೇರೆ, ಕುಲೆ ಬೇರೆ. ದೈವ ಕಾಯುವ ಶಕ್ತಿ. ಕುಲೆ ಎಂದರೆ ತೀರಿಹೋದ ಮನೆಯವರೇ. ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವ ಪದ್ಧತಿ ಇಂದಿಗೂ ಇದೆ. ಮದುವೆಯ ವಯಸ್ಸಿಗೆ ಮೊದಲೇ ಹೋದ ಮಕ್ಕಳಿಗೆ ಎರಡು ಕುಟುಂಬಗಳು ಕೂತು ಮಾತಾಡಿ ಮದುವೆ ಮಾಡಿಸುವುದೂ ಉಂಟು. ಸತ್ತವರು ಅಲ್ಲಿ ಸಂಬಂಧ ಕಡಿದುಕೊಂಡು ಹೋದವರಲ್ಲ, ಅವರಿಗೂ ಆಸೆ, ಬೇಸರ, ಬಾಕಿ ಇವೆ. 'ಸು ಫ್ರಮ್ ಸೋ' ಬಿಡುಗಡೆಯಾದದ್ದು ಜುಲೈ 25ಕ್ಕೆ, ಆಟಿ ಅಮಾವಾಸ್ಯೆಯ ಮರುದಿನ. ಆ ಅಮಾವಾಸ್ಯೆಯಂದು ತುಳುವರು ಹಾಲೆ ಮರದ ತೊಗಟೆಯ ಕಷಾಯ ಕುಡಿದ ಮರುಬೆಳಿಗ್ಗೆ. ಅದು ಉದ್ದೇಶಪೂರ್ವಕವೋ ಅಲ್ಲವೋ, ಕತೆಗೆ ಒಪ್ಪುವ ದಿನವಂತೂ ಹೌದು. ಮರ್ಲೂರಿನವರು ಅಶೋಕನ ನಾಟಕವನ್ನು ನಂಬಿದ್ದು ದಡ್ಡತನದಿಂದಲ್ಲ. ಸತ್ತ ಹೆಂಗಸಿಗೆ ಹೇಳುವುದೇನೋ ಬಾಕಿ ಇರಬಹುದು ಎಂಬುದು ಅವರಿಗೆ ಮೊದಲೇ ಗೊತ್ತು.

ತುಳು ನಾಟಕಗಳನ್ನು ನೋಡಿ ಬೆಳೆದವರಿಗೆ ಈ ಚಿತ್ರದ ನಗುವಿನ ಗುಟ್ಟೂ ಗೊತ್ತು. ಅಲ್ಲಿ ಒಬ್ಬ ಹಾಸ್ಯಗಾರ ಬಂದು ಜೋಕು ಹೇಳಿ ಹೋಗುವುದಿಲ್ಲ. ಹತ್ತು ಜನ ಒಟ್ಟಿಗೆ ರಂಗದ ಮೇಲಿರುತ್ತಾರೆ, ಒಬ್ಬನ ಮಾತಿನ ಬಾಲ ಹಿಡಿದು ಇನ್ನೊಬ್ಬ ಎಳೆಯುತ್ತಾನೆ, ಮೂರನೆಯವನ ಮೌನಕ್ಕೆ ನಗು ಬೀಳುತ್ತದೆ. ಭಾವ ಸುಮ್ಮನೆ ನಡೆದು ಬಂದರೂ ಸೀಟಿ ಬಿದ್ದದ್ದು ಅದಕ್ಕೇ. ಮಂಗಳೂರು ಕನ್ನಡ ಅರ್ಥವಾಗಲಿಲ್ಲ ಎಂದು ದೂರಿದವರು ತೀರಾ ಕಡಿಮೆ. ಹಳೆ ಮೈಸೂರಿನ ಹುಡುಗರು "ಎಂತ ಮಾರಾಯ್ರೆ" ಎಂದು ಮಾತಾಡಿಕೊಂಡೇ ಹೊರಬಂದರು. ಮಾತು ಒಂದು ನೆಲದಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದ್ದರೆ ಬೇರೆ ಕಡೆಯವರಿಗೂ ದಾಟುತ್ತದೆ. ಮಲಯಾಳ, ತೆಲುಗಿಗೆ ಹೋದದ್ದೂ ಆ ಬಲದಿಂದಲೇ.

ಈಗ ಎಲ್ಲಕ್ಕಿಂತ ಹೆಚ್ಚು ಜನ ಹೇಳಿದ ಮಾತಿಗೆ ಬರುತ್ತೇನೆ: ಸೆಕೆಂಡ್ ಹಾಫ್‌ನಲ್ಲಿ ನಗು ಕಡಿಮೆ, ಸಂದೇಶ ತುರುಕಿದ್ದಾರೆ. ನಾನಿದನ್ನು ಒಪ್ಪುವುದಿಲ್ಲ. ಸುಲೋಚನಳ ಮಗಳು ಭಾನು ಆ ಊರಿಗೆ ಬಂದ ಗಳಿಗೆಯಲ್ಲಿ ಸಭಾಂಗಣ ಹೇಗೆ ತಣ್ಣಗಾಯಿತು ಎಂಬುದು ನನಗೆ ಇಂದಿಗೂ ನೆನಪಿದೆ. ಅಲ್ಲಿಯವರೆಗೆ ನಾವೆಲ್ಲ ನಕ್ಕದ್ದು ಒಂದು ಹೆಸರಿಗೆ. ಆ ಹೆಸರಿನವಳು ನಿಜವಾಗಿ ಬದುಕಿದ್ದಳು, ಅವಳಿಗೊಬ್ಬ ಮಗಳಿದ್ದಾಳೆ, ಆ ಮಗಳು ಸ್ವಂತ ಮನೆಯಲ್ಲೇ ಹಿಂಸೆ ಉಣ್ಣುತ್ತಿದ್ದಾಳೆ, ತಾಯಿಯೊಡನೆ ಒಂದು ಮಾತಾಡಲು ಹಂಬಲಿಸಿ ಬಂದಿದ್ದಾಳೆ. ಸಂಧ್ಯಾ ಅರಕೆರೆ ಆ ಪಾತ್ರವನ್ನು ಅಳದೆಯೇ ಅಳಿಸುವಂತೆ ಮಾಡಿದ್ದಾರೆ. ಮೊದಲರ್ಧದ ನಗು ಇಲ್ಲದಿದ್ದರೆ ಈ ತಣ್ಣಗಾಗುವಿಕೆ ಹುಟ್ಟುತ್ತಲೇ ಇರಲಿಲ್ಲ. ಇದನ್ನು ತುರುಕಿದ ಸಂದೇಶ ಎನ್ನುವುದು ಅನ್ಯಾಯ. ಕತೆ ಹೊರಟದ್ದೇ ಇಲ್ಲಿಗೆ.

ನಮ್ಮ ದೆವ್ವದ ಚಿತ್ರಗಳನ್ನು ಒಮ್ಮೆ ನೆನಪಿಸಿಕೊಳ್ಳಿ. 2004ರ 'ಆಪ್ತಮಿತ್ರ'ದಲ್ಲಿ ದ್ವಾರಕೀಶ್‌ಗೆ ನಗುತ್ತ, ಸೌಂದರ್ಯ ನಾಗವಲ್ಲಿಯಾಗಿ ತಿರುಗಿ ನೋಡಿದಾಗ ಬೆಚ್ಚಿ ಬಿದ್ದೆವು. ನಾಗವಲ್ಲಿಯೂ ಪ್ರಿಯಕರನನ್ನು ಕಳೆದುಕೊಂಡು, ನ್ಯಾಯ ಸಿಗದೆ ಸತ್ತವಳು. ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಸಿದ, ರಾತ್ರಿ ಬಾಗಿಲು ತಟ್ಟುತ್ತದೆಂಬ ವದಂತಿಯ ದೆವ್ವವೂ ಹೆಣ್ಣೇ. 2018ರ ಹಿಂದಿ 'ಸ್ತ್ರೀ' ಎತ್ತಿಕೊಂಡದ್ದು ಅದೇ ಎಳೆಯನ್ನು. ಬದುಕಿರುವಾಗ ಬಾಯಿ ಮುಚ್ಚಿಸಿದ ಹೆಣ್ಣು ಸತ್ತ ಮೇಲೆ ಮಾತಾಡಿಯಾಳು ಎಂಬ ಭಯ ಈ ಕತೆಗಳಲ್ಲೆಲ್ಲ ಇದೆ. ಬೇರೆ ಕತೆಗಳು ಅವಳನ್ನು ಓಡಿಸುವ ದಾರಿ ಹುಡುಕುತ್ತವೆ. ಮರ್ಲೂರು ಅವಳ ಮಾತನ್ನು ಕೇಳಿಸಿಕೊಳ್ಳುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ.

ಹಾಗೆಂದು ಚಿತ್ರದ ಮೇಲಿನ ಎಲ್ಲ ಆಕ್ಷೇಪವನ್ನೂ ತಳ್ಳಿಹಾಕಲಾರೆ. ಕೆಲವು ಹೆಣ್ಣುಮಕ್ಕಳು ಎತ್ತಿದ ಪ್ರಶ್ನೆ ನನ್ನನ್ನು ಚುಚ್ಚಿತು. ಸ್ನಾನದ ಮನೆಗೆ ಇಣುಕಿದ್ದು ತಮಾಷೆಯ ವಿಷಯವೇ? ಅಶೋಕನಿಗೆ ಆ ತಪ್ಪಿನ ಲೆಕ್ಕ ಕೊಡುವ ಗಳಿಗೆ ಸರಿಯಾಗಿ ಬರಲೇ ಇಲ್ಲವಲ್ಲ? ನಾನು ನಗುತ್ತಿದ್ದ ಸಾಲಿನಲ್ಲೇ ಇಬ್ಬರು ತರುಣಿಯರು ಆ ದೃಶ್ಯಕ್ಕೆ ನಗದೆ ಕೂತಿದ್ದರು. ಅವರದು ಅತಿಸೂಕ್ಷ್ಮತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೆಣ್ಣಿನ ನೋವನ್ನು ಹೊಟ್ಟೆಯಲ್ಲಿಟ್ಟುಕೊಂಡ ಕತೆಯೇ ಅದರ ಬಾಗಿಲಲ್ಲಿ ಇನ್ನೊಬ್ಬ ಹೆಣ್ಣಿಗಾದ ಅವಮಾನವನ್ನು ಹಗುರವಾಗಿ ದಾಟಿಹೋದರೆ ಅದು ಕೊರತೆಯೇ. ಕುಡಿತದ ದೃಶ್ಯಗಳೂ ಬೇಕಾದ್ದಕ್ಕಿಂತ ಹೆಚ್ಚಿದ್ದವು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಇನ್ನೂ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಭಾನುವಿನ ಕಷ್ಟವನ್ನು ಊರಿಗೆ ಮುಟ್ಟಿಸಿದ್ದು ಸುಲೋಚನಳ ಹೆಸರು ಹೊತ್ತ ಅಶೋಕನ ದನಿ. ಭಾನು ತಾನೇ ನಿಂತು ಹೇಳಿದ್ದರೆ ಅದೇ ಜನ ಕೇಳುತ್ತಿದ್ದರೇ? ಮೆಟ್ಟಿಲಿಳಿಯುತ್ತಿದ್ದ ಆ ಅಜ್ಜಿಯ ಮಾತಿನಲ್ಲಿದ್ದ ನೋವು ಇದೇ ಎಂದು ನನಗೆ ತಿಳಿಯಲು ಎರಡನೆಯ ಸಲ ಚಿತ್ರ ನೋಡಬೇಕಾಯಿತು.

'ಸು ಫ್ರಮ್ ಸೋ' ಇತ್ತೀಚಿನ ವರ್ಷಗಳಲ್ಲಿ ಕನ್ನಡದಲ್ಲಿ ಬಂದ ತುಂಬ ಒಳ್ಳೆಯ ಚಿತ್ರಗಳಲ್ಲೊಂದು. ಅದನ್ನು ಗೆಲ್ಲಿಸಿದ ಪ್ರೇಕ್ಷಕರ ಬಗ್ಗೆ ನನಗೆ ಗೌರವವಿದೆ. ತುಮಿನಾಡ್ ಅವರಲ್ಲಿ ಒಂದೇ ವಿನಂತಿ: ಮುಂದಿನ ಚಿತ್ರದಲ್ಲಿ ಭಾನುವಿನಂಥವಳು ತನ್ನದೇ ದನಿಯಲ್ಲಿ ಮಾತಾಡಲಿ, ಊರು ಅದನ್ನು ಕೇಳಲಿ.