ಮದುವೆ ಮಾತಿನ ‘ಪ್ಲೈಟ್’



ಇಂಗ್ಲಿಷ್ ಸಿನಿಮಾಗಳಲ್ಲಿ ಚರ್ಚಿನ ಮದುವೆ ನೋಡಿರುತ್ತೀರಿ. ವರ ವಧುವಿನ ಕೈ ಹಿಡಿದು ವಚನ ಹೇಳುತ್ತಾನಲ್ಲ, ಹಳೇ ಪದ್ಧತಿಯ ಮದುವೆಯಾದರೆ ಅದರ ಕೊನೆಗೆ ‘ಪ್ಲೈಟ್’ ಅನ್ನೋ ಕ್ರಿಯಾಪದ ಬರುತ್ತದೆ. ಇವತ್ತು ಯಾರೂ ಮಾತಿನಲ್ಲಿ ಬಳಸದ ಪದ. ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕ 1549ರಲ್ಲಿ ಮೊದಲು ಅಚ್ಚಾದಾಗಲೇ ಇದು ಅದರಲ್ಲಿತ್ತು. ಜೊತೆಗೆ ಬರುವ ‘ಟ್ರೋತ್’ ಅಂದರೆ ನಿಷ್ಠೆ, ಕೊಟ್ಟ ಮಾತು. ‘ಟ್ರೂತ್’ ಅನ್ನೋ ಪದದ ಒಡಹುಟ್ಟು ಅನ್ನಿ.

ಮಕ್ಕಳ ಡಿಕ್ಷನರಿ ತೆಗೆದರೆ ‘ಪ್ಲೈಟ್’ ಅಂದರೆ ದುರವಸ್ಥೆ ಅಂತಿರುತ್ತೆ. ಮದುವೆ ದಿನವೇ ದುರವಸ್ಥೆಯೇ ಅಂತ ನಗಬೇಡಿ! ಅದು ಬೇರೆ ಪದ, ಲ್ಯಾಟಿನ್ನಿನ ‘ಮಡಿಸು’ ಅನ್ನೋ ಧಾತುವಿನಿಂದ ಫ್ರೆಂಚ್ ಮೂಲಕ ಬಂದದ್ದು. ನಮ್ಮ ಸೀರೆಯ ‘ಪ್ಲೀಟ್ಸ್’ ಕೂಡ ಅದೇ ಬಳಗ.

ಮದುವೆಯ ‘ಪ್ಲೈಟ್’ ಅಪ್ಪಟ ಇಂಗ್ಲಿಷಿನದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕೆ ಅಪಾಯಕ್ಕೆ ಒಡ್ಡು ಅಂತ ಅರ್ಥ. ವಚನಕ್ಕೂ ಅಪಾಯಕ್ಕೂ ಏನು ಸಂಬಂಧ ಅಂತೀರಾ? ಬಳೆ, ಸರ ಒತ್ತೆ ಇಟ್ಟು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಗಡುವು ತಪ್ಪಿದರೆ ಒಡವೆ ಹರಾಜು. ಬಿಡಿಸಿಕೊಂಡು ಬರೋತನಕ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ವರನೂ ಹಾಗೇ, ತನ್ನ ನಿಷ್ಠೆಯನ್ನೇ ಒತ್ತೆ ಇಡುತ್ತಾನೆ. ಮಾತಿಗೆ ತಪ್ಪಿದರೆ ಅದು ಕೈಬಿಟ್ಟಂತೆ. ಜರ್ಮನ್ ಭಾಷೆಯಲ್ಲಿ ಇದೇ ಬೇರಿನ ಪದಕ್ಕೆ ಕರ್ತವ್ಯ ಅಂತ ಅರ್ಥ.

ಆದರೆ ನೋಡಿ, ಆ ಹಳೇ ಪುಸ್ತಕದಲ್ಲಿ ಒತ್ತೆ ಇಡೋನು ಗಂಡು ಮಾತ್ರ. ಹೆಣ್ಣು ಹೇಳುವ ಸಾಲಿನಲ್ಲಿ ‘ಪ್ಲೈಟ್’ ಇಲ್ಲ, ‘ಗಿವ್’ ಇದೆ. ಅಂದರೆ ಕೊಡುತ್ತೇನೆ. ಒತ್ತೆ ಇಟ್ಟದ್ದನ್ನು ಬಿಡಿಸಿಕೊಳ್ಳಬಹುದು, ಕೊಟ್ಟದ್ದು ಕೊಟ್ಟ ಹಾಗೇ ಅಲ್ವೇ? ಬರೆದವರು ಇಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ನನಗಂತೂ ಚುಚ್ಚಿತು. ಸಾಲದ್ದಕ್ಕೆ ಗಂಡನಿಗೆ ವಿಧೇಯಳಾಗಿರುತ್ತೇನೆ ಅಂತ ಅವಳು ಹೇಳಬೇಕು. ಅವನಿಗೆ ಆ ಮಾತೇ ಇಲ್ಲ.

1980ರಲ್ಲಿ ಅದೇ ಚರ್ಚು ಹೊಸ ಪುಸ್ತಕ ತಂದಾಗ ‘ಪ್ಲೈಟ್’, ‘ಗಿವ್’ ಎರಡೂ ಹೋಗಿ, ಇಬ್ಬರಿಗೂ ಇದು ನನ್ನ ಪ್ರತಿಜ್ಞೆ ಎಂಬರ್ಥದ ಒಂದೇ ಮಾತು ಬಂತು. ಮರುವರ್ಷ, 1981ರಲ್ಲಿ, ಡಯಾನಾ ರಾಜಕುಮಾರ ಚಾರ್ಲ್ಸ್‌ನನ್ನು ಮದುವೆಯಾದಾಗ ವಿಧೇಯತೆಯ ಮಾತನ್ನು ಬಿಟ್ಟೇ ವಚನ ಹೇಳಿದಳು. ಹಳೇ ಪುಸ್ತಕವೇ ಬೇಕು ಅನ್ನುವವರಿಗೆ ಅಲ್ಲಿ ಅದೂ ಈಗಲೂ ಚಾಲ್ತಿಯಲ್ಲಿದೆ.